ಮಾಂಸ–ಹಾಲಿಗೆ ಬದಲಿಯಾಗುವ ಕಾಳು: ಪ್ರೋಟೀನ್ ಶೇಕಡಾವಾರು ಏರಿಸಿದರೆ ಸಾಕೇ?

ಪ್ರಶ್ನೆ: ಸಸ್ಯ ತಳಿ ವಿಜ್ಞಾನದಲ್ಲಿ ಸ್ನಾತಕೋತ್ತರ ಓದು ಮುಗಿಸಿ ಬೇಳೆಕಾಳುಗಳ ಮೇಲೆ ಕೆಲಸ ಶುರುಮಾಡಿದ್ದೇನೆ. ಮಾಂಸ ಮತ್ತು ಹಾಲಿಗೆ ಬದಲಿಯಾಗಿ ಸಸ್ಯಮೂಲದ ಆಹಾರ ತಯಾರಿಸುವವರಿಗೆ ಒದಗುವ ತಳಿ ರೂಪಿಸುವುದು ಗುರಿ. ಶೇ 23 ಪ್ರೋಟೀನ್ ಇರುವ ಬಟಾಣಿಯನ್ನು ಶೇ 27ಕ್ಕೆ ಏರಿಸಿದರೆ ಸಾಕೇ? ಯಾವ ಬೆಳೆ ಹಿಡಿಯಬೇಕು, ಯಾವ ಗುಣ ನೋಡಿ ಆಯ್ಕೆ ಮಾಡಬೇಕು, ಎಷ್ಟು ವರ್ಷ ಬೇಕು?

ಉತ್ತರ: ಸಾಲದು. ಎಷ್ಟೋ ಸಲ ಅದು ಬೇಕಾಗಿಯೂ ಇರುವುದಿಲ್ಲ. ಕಾಳಿನೊಳಗೆ ಎಷ್ಟು ಪ್ರೋಟೀನ್ ಇದೆ ಎಂಬುದು ಬೆಲೆ ಚೀಟಿಯ ಮೇಲಿನ ಅಂಕಿ ಅಷ್ಟೇ. ಅದರಲ್ಲಿ ಎಷ್ಟು ಹೊರಗೆ ಬರುತ್ತದೆ, ಬಂದದ್ದು ನೀರಿನಲ್ಲಿ ಕರಗುತ್ತದೆಯೇ, ಕಾಯಿಸಿದರೆ ಗಟ್ಟಿಯಾಗುತ್ತದೆಯೇ, ಬಾಯಿಗಿಟ್ಟರೆ ಹಸಿ ವಾಸನೆ ಹೊಡೆಯುತ್ತದೆಯೇ ಎಂಬುದರ ಮೇಲೆ ತಯಾರಕರ ವ್ಯಾಪಾರ ನಿಂತಿದೆ.

ಒಂದು ಲೆಕ್ಕ ನೋಡಿ. ಶೇ 23 ಪ್ರೋಟೀನ್ ಇರುವ ತಳಿ ಹೆಕ್ಟೇರಿಗೆ 3 ಟನ್ ಕೊಟ್ಟರೆ ಸಿಗುವ ಪ್ರೋಟೀನ್ 690 ಕೆಜಿ. ಶೇ 27ರ ತಳಿ 2.5 ಟನ್ನಿಗೆ ಇಳಿದರೆ 675 ಕೆಜಿ. ಪ್ರೋಟೀನ್ ಏರಿದಾಗ ಇಳುವರಿ ಇಳಿಯುವುದು ಬೇಳೆಕಾಳುಗಳಲ್ಲಿ ಸಾಮಾನ್ಯವಾದ್ದರಿಂದ ಇದು ಕಾಗದದ ಮೇಲಿನ ಹೆದರಿಕೆಯಲ್ಲ. ಇನ್ನು ಮೊದಲನೆಯದರಿಂದ ಶೇ 70ರಷ್ಟು, ಎರಡನೆಯದರಿಂದ ಶೇ 60ರಷ್ಟು ಪ್ರೋಟೀನ್ ಹೊರತೆಗೆಯಲು ಸಾಧ್ಯವಾಯಿತು ಎನ್ನಿ. ಆಗ ಕೈಗೆ ಸಿಗುವುದು 483 ಕೆಜಿ ಮತ್ತು 405 ಕೆಜಿ. ‘ಹೆಚ್ಚು ಪ್ರೋಟೀನ್’ ಎಂದು ಬಿಡುಗಡೆಯಾದ ತಳಿ ಹೊಲದಲ್ಲೂ ಸೋತಿತು, ಕಾರ್ಖಾನೆಯಲ್ಲೂ ಸೋತಿತು. ಹಾಗಾಗಿ ನಿಮ್ಮ ಆಯ್ಕೆಯ ಅಳತೆಗೋಲು ‘ಹೆಕ್ಟೇರಿಗೆ ಹೊರತೆಗೆಯಬಹುದಾದ ಪ್ರೋಟೀನ್’ ಆಗಿರಲಿ.

ಹವಾಮಾನದ ಮಾತನ್ನು ಮೊದಲೇ ಮುಗಿಸಿಬಿಡೋಣ. ಪೂರ್ ಮತ್ತು ನೆಮೆಚೆಕ್ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಜಾಗತಿಕ ಅಂದಾಜಿನಂತೆ, ಮಾಂಸಕ್ಕಾಗಿಯೇ ಸಾಕಿದ ದನದ 100 ಗ್ರಾಂ ಪ್ರೋಟೀನಿಗೆ ಸರಾಸರಿ 50 ಕೆಜಿಯಷ್ಟು ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆ. ಬಟಾಣಿಯ 100 ಗ್ರಾಂ ಪ್ರೋಟೀನಿಗೆ ಸುಮಾರು 0.4 ಕೆಜಿ. ಲೀಟರ್ ಹಾಲಿಗೆ 3.2 ಕೆಜಿ, ಸೋಯಾ ಹಾಲಿಗೆ ಸುಮಾರು 1 ಕೆಜಿ. ಅಂತರ ಇಷ್ಟು ದೊಡ್ಡದಿರುವಾಗ ಬಟಾಣಿಯ 0.4ನ್ನು 0.35ಕ್ಕೆ ಇಳಿಸುವ ತಳಿಗಾಗಿ ಒದ್ದಾಡುವುದರಲ್ಲಿ ಹುರುಳಿಲ್ಲ. ಆ ಲಾಭ ಸಿಗುವುದು ತಟ್ಟೆಯಲ್ಲಿ ಮಾಂಸದ ಜಾಗಕ್ಕೆ ಕಾಳು ಬಂದಾಗ ಮಾತ್ರ, ಮತ್ತು ರುಚಿ ಕೆಟ್ಟಿದ್ದರೆ ಅದು ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಕಹಿ, ಒಗರು, ಹಸಿ ವಾಸನೆ ಕಳೆಯುವ ಜೀನುಗಳೇ ಹವಾಮಾನಕ್ಕೆ ಹೆಚ್ಚು ಉಪಕಾರ ಮಾಡುವ ಜೀನುಗಳು.

ಕಾಳಿನೊಳಗಿನ ಪ್ರೋಟೀನ್ ಒಂದೇ ಅಲ್ಲ

ದ್ವಿದಳ ಕಾಳಿನಲ್ಲಿ ಶೇಖರವಾಗುವ ಪ್ರೋಟೀನಿನ ಬಹುಪಾಲು ಗ್ಲಾಬ್ಯುಲಿನ್. ಅದರಲ್ಲಿ ಎರಡು ಬಗೆ: 11ಎಸ್ ಎನ್ನುವ ಲೆಗ್ಯುಮಿನ್, 7ಎಸ್ ಎನ್ನುವ ವಿಸಿಲಿನ್. ಸೋಯಾದಲ್ಲಿ ಇವುಗಳ ಹೆಸರು ಗ್ಲೈಸಿನಿನ್ ಮತ್ತು ಬೀಟಾ-ಕಾಂಗ್ಲೈಸಿನಿನ್. ಉಳಿದದ್ದರಲ್ಲಿ ಹೆಚ್ಚಿನದು ನೀರಿನಲ್ಲಿ ಕರಗುವ ಆಲ್ಬ್ಯುಮಿನ್, ಬಟಾಣಿಯಲ್ಲಿ ಒಟ್ಟು ಪ್ರೋಟೀನಿನ ಸುಮಾರು ಶೇ 15–25.

ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ಹಿಟ್ಟನ್ನು ಪಿಎಚ್ 8.5–9ರ ನೀರಿನಲ್ಲಿ ಕಲಸಿ ಪ್ರೋಟೀನನ್ನು ಕರಗಿಸುತ್ತಾರೆ, ಪಿಷ್ಟ ಮತ್ತು ನಾರನ್ನು ಬೇರ್ಪಡಿಸುತ್ತಾರೆ, ದ್ರಾವಣವನ್ನು ಪಿಎಚ್ 4.5ಕ್ಕೆ ಇಳಿಸಿ ಪ್ರೋಟೀನ್ ಒಡೆದು ತಳಕ್ಕೆ ಕೂರುವಂತೆ ಮಾಡುತ್ತಾರೆ. ತಳಕ್ಕೆ ಕೂರುವುದು ಗ್ಲಾಬ್ಯುಲಿನ್. ಆಲ್ಬ್ಯುಮಿನ್ ತಿಳಿನೀರಿನ ಜೊತೆ ಹೊರಟುಹೋಗುತ್ತದೆ. ಅಂದರೆ ನೀವು ಏರಿಸಿದ ನಾಲ್ಕು ಪಾಯಿಂಟಿನಲ್ಲಿ ಎರಡು ಆಲ್ಬ್ಯುಮಿನ್ ಆಗಿದ್ದರೆ ತಯಾರಕರಿಗೆ ದಕ್ಕುವುದು ಎರಡೇ. ಇಲ್ಲಿ ಒಂದು ಇಕ್ಕಟ್ಟೂ ಇದೆ. ಬಟಾಣಿಯ ಆಲ್ಬ್ಯುಮಿನಿನಲ್ಲಿ ಗಂಧಕವುಳ್ಳ ಅಮೈನೋ ಆಮ್ಲಗಳು ಹೆಚ್ಚು, ಕಾಳುಗಳಿಗೆ ಕೊರತೆಯಿರುವುದೂ ಅವೇ. ಪೌಷ್ಟಿಕಾಂಶದ ದೃಷ್ಟಿಯಿಂದ ಉಳಿಸಿಕೊಳ್ಳಬೇಕಾದ್ದು ಚರಂಡಿ ಸೇರುತ್ತದೆ. ಗ್ರಾಹಕ ಕಾರ್ಖಾನೆ ಈ ಒದ್ದೆ ವಿಧಾನ ಬಳಸುತ್ತದೆಯೋ, ಅಥವಾ ನುಣ್ಣಗೆ ಬೀಸಿ ಗಾಳಿಯ ಸುಳಿಯಲ್ಲಿ ಬೇರ್ಪಡಿಸುವ ಒಣ ವಿಧಾನವೋ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಒಣ ವಿಧಾನದಲ್ಲಿ ಆಲ್ಬ್ಯುಮಿನ್ ಉಳಿಯುತ್ತದೆ, ನೀರೂ ಒಣಗಿಸುವ ಇಂಧನವೂ ಉಳಿಯುತ್ತವೆ. ಆದರೆ ಸಿಗುವುದು ಶೇ 50–60ರ ಸಾಂದ್ರ ಹಿಟ್ಟು ಮಾತ್ರ, ಒದ್ದೆ ವಿಧಾನದಲ್ಲಿ ಶೇ 80 ದಾಟುತ್ತದೆ. ಒಣ ವಿಧಾನ ಬಟಾಣಿ, ದಪ್ಪ ಅವರೆಯಂಥ ಕಾಳಾದ ಫಾಬಾ ಬೀನ್‌ನಂಥ ಪಿಷ್ಟವುಳ್ಳ ಕಾಳಿಗೆ ಒಗ್ಗುತ್ತದೆ; ಪಿಷ್ಟದ ಕಣ ಸುಮಾರು 20–30 ಮೈಕ್ರಾನ್, ಪ್ರೋಟೀನಿನ ಕಣ ಬರೀ 1–5 ಮೈಕ್ರಾನ್ ಇರುವುದರಿಂದ ಗಾಳಿ ಅವನ್ನು ಬೇರೆಮಾಡಬಲ್ಲದು. ಶೇ 20ರಷ್ಟು ಎಣ್ಣೆಯಿರುವ ಸೋಯಾ ಹಿಟ್ಟು ಇಲ್ಲಿ ಮುದ್ದೆಗಟ್ಟುತ್ತದೆ.

ಸೋಯಾದಲ್ಲಿ 11ಎಸ್ ಪಾಲು ಹೆಚ್ಚಿದ್ದರೆ ಟೋಫು (ಸೋಯಾ ಪನೀರ್) ಗಟ್ಟಿಯಾಗುತ್ತದೆ, ಕಾರಣ ಅದರಲ್ಲಿ ಗಂಧಕದ ಬಂಧಗಳು ಹೆಚ್ಚು. 7ಎಸ್ ಎಣ್ಣೆ–ನೀರನ್ನು ಬೆರೆಸಿ ಹಿಡಿಯುವುದರಲ್ಲಿ ಚುರುಕು, ಅದು ಹಾಲಿಗೆ ಒಳ್ಳೆಯದು. ಈ ಸೂತ್ರವನ್ನು ಬಟಾಣಿಗೆ ಹಾಗೆಯೇ ಎತ್ತಿ ಅಂಟಿಸಬೇಡಿ. ಬಟಾಣಿಯಲ್ಲಿ ವಿಸಿಲಿನ್ ತಾನೇ ಚೆನ್ನಾಗಿ ಗಟ್ಟಿಯಾಗುತ್ತದೆ. ಅನುಪಾತ ನೋಡಿ ಗಟ್ಟಿತನ ಊಹಿಸಲು ಹೋದವರು ಎಡವಿದ್ದಾರೆ. ಜೆಲ್ ಬೇಕಿದ್ದರೆ ಜೆಲ್ಲನ್ನೇ ಅಳೆಯಿರಿ.

ಮಾಂಸದ ಬದಲಿಗೂ ಹಾಲಿನ ಬದಲಿಗೂ ಒಂದೇ ತಳಿ ಎಂಬ ಆಸೆಯನ್ನೂ ಬಿಡಿ. ಮಾಂಸದಂಥ ನಾರು ಬರಿಸಲು, ಬಿಸಿಮಾಡಿ ಒತ್ತಿ ತಳ್ಳುವ ಯಂತ್ರವಾದ ಎಕ್ಸ್‌ಟ್ರೂಡರ್‌ನಲ್ಲಿ ಶೇ 50–70 ತೇವಾಂಶದ ಹಿಟ್ಟನ್ನು 130–160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ತಣಿಸುವ ಅಚ್ಚಿನ (ಡೈ) ಮೂಲಕ ತಳ್ಳುತ್ತಾರೆ. ಅಲ್ಲಿ ಬೇಕಾದ್ದು ಬಿಸಿಗೆ ಬಿಚ್ಚಿಕೊಂಡು ತಣಿಯುವಾಗ ಮತ್ತೆ ಹೆಣೆದುಕೊಳ್ಳುವ ಪ್ರೋಟೀನ್. ಹಾಲಿಗೆ ಬೇಕಾದ್ದು ಪಿಎಚ್ 7ರಲ್ಲಿ ಪೂರ್ತಿ ಕರಗಿ, ಬಿಸಿ ಕಾಫಿಯ ಪಿಎಚ್ 5ರಲ್ಲೂ ಒಡೆಯದೆ ನಿಲ್ಲುವ ಪ್ರೋಟೀನ್. ಪ್ರೋಟೀನ್ ತಳಕ್ಕೆ ಕೂರುವ 4.5ಕ್ಕೆ 5 ತೀರಾ ಹತ್ತಿರ. ಸಸ್ಯಹಾಲು ಕಾಫಿಯಲ್ಲಿ ಒಡೆಯುವುದು ಅದಕ್ಕೇ.

ಯಾವ ಬೆಳೆ

ಒಣ ತೂಕದಲ್ಲಿ ಸೋಯಾಬೀನ್ ಪ್ರೋಟೀನ್ ಶೇ 36–40, ಲೂಪಿನ್ (ಇದೂ ಒಂದು ದ್ವಿದಳ ಕಾಳು) 30–40, ಫಾಬಾ ಬೀನ್ 25–30, ಬಟಾಣಿ 20–25, ಹೆಸರು 22–25, ಕಡಲೆ 18–22. ನೀವು ಕೆಲಸ ಮಾಡುವ ಮಣ್ಣು–ಹವೆಯಲ್ಲಿ ಸ್ಥಿರವಾಗಿ ಬೆಳೆಯುವುದನ್ನೇ ಹಿಡಿಯಿರಿ ಎಂಬುದು ಮೊದಲ ಮಾತು. ಆಮೇಲೆ ಪ್ರತಿ ಬೆಳೆಗೂ ಅದರದೇ ಕಾಟವಿದೆ.

ಫಾಬಾ ಬೀನ್‌ನಲ್ಲಿ ಅದು ವೈಸೀನ್ ಮತ್ತು ಕಾನ್‌ವೈಸೀನ್. ಜಿ6ಪಿಡಿ ಕಿಣ್ವದ ಕೊರತೆಯಿರುವವರು ತಿಂದರೆ ಕೆಂಪು ರಕ್ತಕಣ ಒಡೆದು ಪ್ರಾಣಕ್ಕೇ ಕುತ್ತಾಗಬಹುದು. ಇದರ ಹಿಂದಿನ ವಿಸಿ1 ಜೀನ್ 2021ರಲ್ಲಿ ಪತ್ತೆಯಾಯಿತು. ಅದರಲ್ಲಿ ಡಿಎನ್‌ಎಯ ಎರಡು ಅಕ್ಷರಗಳ ಸೇರ್ಪಡೆಯಾಗಿ ಕೆಟ್ಟ ರೂಪವಿದ್ದರೆ ಈ ವಿಷಾಂಶ ಶೇ 90ಕ್ಕೂ ಹೆಚ್ಚು ಇಳಿಯುತ್ತದೆ. ಹೊಸಬರು ಬೀಳುವ ಗುಂಡಿ ಇಲ್ಲೇ ಇದೆ. ವೈಸೀನ್ ತಯಾರಾಗುವುದು ತಾಯಿ ಗಿಡದ ಅಂಗಾಂಶವಾದ ಬೀಜದ ಸಿಪ್ಪೆಯಲ್ಲಿ, ಅಲ್ಲಿಂದ ಭ್ರೂಣಕ್ಕೆ ಹೋಗುತ್ತದೆ. ಆದ್ದರಿಂದ ಕಾಳಿನ ಚೂರು ಕೆತ್ತಿ ರಾಸಾಯನಿಕ ಪರೀಕ್ಷೆ ಮಾಡಿದರೆ ತಿಳಿಯುವುದು ಆ ಕಾಳಿನ ಜೀನ್ ಅಲ್ಲ, ಅದರ ತಾಯಿಯ ಜೀನ್. ಸಂಕರಣದ ಎರಡನೆಯ ಪೀಳಿಗೆಯ (ಎಫ್2) ಕಾಳುಗಳೆಲ್ಲ ಒಂದೇ ಸಮ ‘ಹೆಚ್ಚು’ ಎಂದು ತೋರಿ, ಸಂಕರಣ ಕೈಕೊಟ್ಟಿತೆಂದು ಎಸೆದವರಿದ್ದಾರೆ. ಡಿಎನ್‌ಎ ಗುರುತು ಬಳಸಿ, ಇಲ್ಲವೇ ಒಂದು ಪೀಳಿಗೆ ತಡೆದು ಪರೀಕ್ಷಿಸಿ. ಇನ್ನೊಂದು ತೊಡಕು, ಫಾಬಾದಲ್ಲಿ ಜೇನುನೊಣಗಳಿಂದ ಪರಕೀಯ ಪರಾಗಸ್ಪರ್ಶ ಶೇ 30–60ರಷ್ಟು ನಡೆಯುತ್ತದೆ. ಬಲೆಮನೆಯಿಲ್ಲದೆ ಶುದ್ಧ ಸಾಲು (ಪೀಳಿಗೆಯಿಂದ ಪೀಳಿಗೆಗೆ ಗುಣ ಬದಲಾಗದ ವಂಶ) ಉಳಿಯುವುದಿಲ್ಲ.

ಲೂಪಿನ್‌ನ ಕಾಟ ಆಲ್ಕಲಾಯ್ಡ್ ಎಂಬ ಕಹಿ ವಿಷಾಂಶ. 1920ರ ದಶಕದ ಕೊನೆಗೆ ಜರ್ಮನಿಯಲ್ಲಿ ರೈನ್‌ಹೋಲ್ಡ್ ಫಾನ್ ಜೆಂಗ್‌ಬುಷ್ ಅಪಾರ ಸಂಖ್ಯೆಯ ಗಿಡಗಳನ್ನು ಶೋಧಿಸಿ ಸಿಹಿ ಲೂಪಿನ್ ಹುಡುಕಿದರು. ಇಂದಿಗೂ ಹೊಲದಲ್ಲಿ ಅದಕ್ಕೊಂದು ಸರಳ ಪರೀಕ್ಷೆಯಿದೆ: ಡ್ರಾಗೆನ್‌ಡಾರ್ಫ್ ದ್ರಾವಣದಲ್ಲಿ ಅದ್ದಿ ಒಣಗಿಸಿದ ಹಳದಿ ಕಾಗದದ ಮೇಲೆ ಎಲೆಯ ತೊಟ್ಟನ್ನು ಮುರಿದು ಒತ್ತಬೇಕು. ರಸ ತಾಗಿದ ಕಡೆ ಕಿತ್ತಳೆ–ಕೆಂಪು ಮೂಡಿದರೆ ಕಹಿ ಗಿಡ, ಮೂಡದಿದ್ದರೆ ಸಿಹಿ. ಹೂ ಬಿಡುವ ಮೊದಲೇ ಕಹಿ ಗಿಡ ಕಿತ್ತು ಹಾಕಿ. ಹಲವು ದೇಶಗಳಲ್ಲಿ ಆಹಾರಕ್ಕಿರುವ ಮಿತಿ ಕೆಜಿಗೆ 200 ಮಿಲಿಗ್ರಾಂ ಆಲ್ಕಲಾಯ್ಡ್. ಬೀಜದ ರಾಶಿಯಲ್ಲಿ ಸ್ವಲ್ಪವೇ ಕಹಿ ಕಾಳು ಸೇರಿದರೂ ಅದು ದಾಟಿಹೋಗುತ್ತದೆ. ಕಡಲೆಕಾಯಿ ಅಲರ್ಜಿ ಇರುವವರಿಗೆ ಲೂಪಿನ್ ಕೂಡ ಆಗದಿರುವ ಸಂಭವವಿದೆ ಎಂಬುದನ್ನೂ ತಯಾರಕರಿಗೆ ಹೇಳಿ.

ಕಡಲೆ, ಹೆಸರಿಗೆ ಇಂಥ ದೊಡ್ಡ ವಿಷದ ತಲೆನೋವಿಲ್ಲ. ಮೂಲ ವಾಸನೆಯೂ ಸೌಮ್ಯ. ಪ್ರೋಟೀನ್ ಕಡಿಮೆ ಎಂದು ಇವನ್ನು ಬದಿಗೆ ಸರಿಸುವುದು ಅವಸರದ ತೀರ್ಮಾನ.

ಹಸಿ ವಾಸನೆ, ಕಹಿ

ಕಾಳನ್ನು ನೀರಿನಲ್ಲಿ ಅರೆದ ಕೂಡಲೇ ಲಿಪಾಕ್ಸಿಜನೇಸ್ ಎಂಬ ಕಿಣ್ವ ಕಾಳಿನ ಎಣ್ಣೆಯಲ್ಲಿರುವ ಲಿನೋಲಿಯಿಕ್ ಆಮ್ಲದ ಮೇಲೆ ಬಿದ್ದು, ಕೊನೆಗೆ ಹೆಕ್ಸನಾಲ್ ಮುಂತಾದ ಹಸಿ ವಾಸನೆಯ ವಸ್ತುಗಳಾಗುತ್ತವೆ. ಸೋಯಾ ಕಾಳಿನಲ್ಲಿ ಈ ಕಿಣ್ವದ ಮುಖ್ಯ ರೂಪ ಮೂರು. ಪ್ರತಿಯೊಂದರ ಗೈರೂ ದುರ್ಬಲ ಗುಣ, ಅಂದರೆ ತಂದೆ–ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುವಂಥದ್ದು. ಮೂರೂ ಬೇರೆಬೇರೆಯಾಗಿ ಹಂಚಿಕೆಯಾಗುವಂತಿದ್ದರೆ ಎಫ್2ರಲ್ಲಿ 64ಕ್ಕೆ ಒಂದು ಗಿಡ ಸಿಗಬೇಕು. ಒಂದಾದರೂ ಸಿಗಲೇಬೇಕೆಂಬ ಶೇ 95ರ ಭರವಸೆಗೆ ಸುಮಾರು 190 ಗಿಡ ಸಾಕು. ಆದರೆ ಒಂದನೆಯ ಮತ್ತು ಎರಡನೆಯ ರೂಪದ ಜೀನುಗಳು ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿ ಕೂತಿವೆ, ಬರೀ ಸಂಕರಣದಿಂದ ಎರಡೂ ಇಲ್ಲದ ಗಿಡ ಹುಟ್ಟುವುದು ದುರ್ಲಭ. ಜಪಾನಿನ ತಳಿಗಾರರು ಗಾಮಾ ಕಿರಣ ಹಾಯಿಸಿ ಮೂರೂ ಇಲ್ಲದ ಸಾಲು ಪಡೆದರು. ಅದರಿಂದಲೇ ‘ಇಚಿಹಿಮೆ’ ತಳಿ ಬಂತು. ನೀವು ಮೂರೂ ಇಲ್ಲದ ಸಾಲನ್ನೇ ದಾನಿಯಾಗಿ ತಂದರೆ ಅರ್ಧ ಕೆಲಸ ಮುಗಿದಂತೆ. ಇಲ್ಲಿ ಕಾಳಿನ ಚೂರಿನ ಪರೀಕ್ಷೆ ನಡೆಯುತ್ತದೆ, ಏಕೆಂದರೆ ಕಿಣ್ವ ಇರುವುದು ಬೀಜದಳದಲ್ಲಿ. ಭ್ರೂಣದ ತುದಿಗೆ ಎದುರಿನ ಬದಿಯಿಂದ ಸಣ್ಣ ಚೂರು ಕೆತ್ತಿ, ಲಿನೋಲಿಯಿಕ್ ಆಮ್ಲ ಮತ್ತು ಮೆಥಿಲೀನ್ ಬ್ಲೂ ಇರುವ ದ್ರಾವಣಕ್ಕೆ ಹಾಕಿ. ಒಂದನೆಯ ರೂಪದ ಕಿಣ್ವವಿದ್ದರೆ ನೀಲಿ ಮಾಸುತ್ತದೆ, ಇಲ್ಲದಿದ್ದರೆ ಉಳಿಯುತ್ತದೆ. ಉಳಿದ ಕಾಳನ್ನು ಬಿತ್ತಬಹುದು.

ಇದೇ ಗುರಿಗೆ ಇನ್ನೊಂದು ದಾರಿ, ಕಿಣ್ವಕ್ಕೆ ಮೇವಾದ ಲಿನೋಲಿಯಿಕ್ ಆಮ್ಲವೇ ಇಲ್ಲದಂತೆ ಮಾಡುವುದು. ಎಫ್‌ಎಡಿ2 ಜೀನುಗಳನ್ನು ತಿದ್ದಿದ ಸೋಯಾದಲ್ಲಿ ಓಲಿಯಿಕ್ ಆಮ್ಲ ಶೇ 80ರಷ್ಟಕ್ಕೆ ಏರಿ ಲಿನೋಲಿಯಿಕ್ ತೀರಾ ಕುಸಿಯುತ್ತದೆ. ಅಂಥ ಎಣ್ಣೆ 2019ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು.

ಬಟಾಣಿಯಲ್ಲಿ ಮಾತ್ರ ಲಿಪಾಕ್ಸಿಜನೇಸ್ ತೆಗೆದರೂ ‘ಬಟಾಣಿ ವಾಸನೆ’ ಪೂರ್ತಿ ಹೋಗುವುದಿಲ್ಲ. ಮೆಥಾಕ್ಸಿಪೈರಜೀನ್ ಎಂಬ ಗುಂಪಿನ ವಸ್ತುಗಳು ನೀರಿನಲ್ಲಿ ಲಕ್ಷ ಕೋಟಿಗೆ ಕೆಲವೇ ಭಾಗ ಇದ್ದರೂ ಮೂಗಿಗೆ ಸಿಗುತ್ತವೆ, ಅವಕ್ಕೂ ಈ ಕಿಣ್ವಕ್ಕೂ ಸಂಬಂಧವಿಲ್ಲ. ಬಟಾಣಿಯ ಕಹಿಯ ಬಹುಭಾಗ ಸಪೋನಿನ್‌ಗಳದ್ದು. ಬೀಟಾ-ಅಮೈರಿನ್ ಸಿಂಥೇಸ್ ಜೀನ್ ಕೆಟ್ಟ ಬಟಾಣಿಯಲ್ಲಿ ಕಾಳಿನ ಸಪೋನಿನ್ ಬಹುತೇಕ ಇಲ್ಲವಾಗುತ್ತದೆ ಎಂದು 2021ರಲ್ಲಿ ತೋರಿಸಲಾಯಿತು. ಬಟಾಣಿ ಹಿಡಿಯುವುದಾದರೆ ಇದು ನನ್ನ ಮೊದಲ ಆಯ್ಕೆ. ಕೀಟ–ರೋಗ ತಡೆಯುವುದರಲ್ಲಿ ಸಪೋನಿನ್‌ಗೆ ಪಾತ್ರವಿರುವುದರಿಂದ ಹೊಲದ ಪ್ರಯೋಗದಲ್ಲಿ ಕಣ್ಣಿಟ್ಟಿರಿ.

ಕಬ್ಬಿಣ, ಸತು ಮೈಗೆ ಹತ್ತದಂತೆ ಹಿಡಿದಿಡುವ ಫೈಟಿಕ್ ಆಮ್ಲ (ಫೈಟೇಟ್) ಇಳಿಸುವ ಆಸೆಗೂ ಇಂಥದೇ ಬೆಲೆಯಿದೆ: ಫೈಟೇಟ್ ಕಡಿಮೆಯಾದ ಎಷ್ಟೋ ಸಾಲುಗಳಲ್ಲಿ ಮೊಳಕೆ ಕುಂಟುತ್ತದೆ. ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುವ ಟ್ರಿಪ್ಸಿನ್ ಪ್ರತಿಬಂಧಕಗಳನ್ನು ಬೇಯಿಸಿಯೇ ಹೆಚ್ಚಿನ ಮಟ್ಟಿಗೆ ಕೊಲ್ಲಬಹುದು, ಅದು ಕೊನೆಯ ಆದ್ಯತೆಯಾಗಿರಲಿ.

ಅಳತೆಯಲ್ಲಿ ಮೋಸಹೋಗುವ ಬಗೆ

ಬರ ಅಥವಾ ಬಿಸಿಗಾಳಿಯಲ್ಲಿ ಕಾಳು ತುಂಬದೆ ಸುಕ್ಕಾದರೆ ಪಿಷ್ಟ ಕಡಿಮೆಯಾಗಿ ಪ್ರೋಟೀನ್ ಶೇಕಡಾ ತಾನಾಗಿ ಏರುತ್ತದೆ. ಅದು ಜೀನಿನ ಗುಣವಲ್ಲ. ಸಾವಿರ ಕಾಳಿನ ತೂಕವಿಲ್ಲದೆ ಯಾವ ಪ್ರೋಟೀನ್ ಅಂಕಿಯನ್ನೂ ನಂಬಬೇಡಿ. ಎರಡನೆಯದು, ಪ್ರೋಟೀನ್ ಲೆಕ್ಕಹಾಕಲು ಕಾಳಿನ ಸಾರಜನಕವನ್ನು 6.25ರಿಂದ ಗುಣಿಸುವ ರೂಢಿ. ಬೇಳೆಕಾಳಿಗೆ ನಿಜವಾದ ಗುಣಕ 5.4ರ ಆಸುಪಾಸು, ಸಾರಜನಕ ತುಂಬಿದ ಅಮೈನೋ ಆಮ್ಲವಾದ ಅರ್ಜಿನೈನ್ ಹೆಚ್ಚಿರುವ ಸಾಲುಗಳು 6.25ರಲ್ಲಿ ಇನ್ನೂ ಮೇಲೆ ಕಾಣುತ್ತವೆ. ಬಟಾಣಿಯಲ್ಲಿ ಪ್ರೋಟೀನ್ ಏರಿದಂತೆ ಏರುವುದು ಮುಖ್ಯವಾಗಿ ಅರ್ಜಿನೈನ್. ಮೆಥಿಯೋನಿನ್, ಟ್ರಿಪ್ಟೋಫ್ಯಾನ್‌ಗಳ ಪಾಲು ಇಳಿಯುತ್ತದೆ. ಮೂರನೆಯದು ಮಣ್ಣಿನ ಗಂಧಕ. ಅದು ಸಾಲದಿದ್ದರೆ ಗಿಡ ಲೆಗ್ಯುಮಿನ್ ಕಡಿಮೆ ಮಾಡಿ ಗಂಧಕ ಹೆಚ್ಚು ಬೇಡದ ವಿಸಿಲಿನ್ ಕಟ್ಟುತ್ತದೆ. ಒಂದೇ ತಳಿ ಎರಡು ಹೊಲದಲ್ಲಿ ಎರಡು ಅನುಪಾತ ಕೊಟ್ಟರೆ ಮೊದಲು ಮಣ್ಣಿನ ವರದಿ ನೋಡಿ.

ಗಂಧಕವುಳ್ಳ ಅಮೈನೋ ಆಮ್ಲವಾದ ಮೆಥಿಯೋನಿನ್ ಏರಿಸಲು ಅಡ್ಡದಾರಿ ಹಿಡಿದದ್ದೂ ಉಂಟು. ಬ್ರೆಜಿಲ್ ನಟ್‌ನ ಗಂಧಕ ತುಂಬಿದ ಆಲ್ಬ್ಯುಮಿನ್ ಜೀನನ್ನು ಸೋಯಾಕ್ಕೆ ಸೇರಿಸಿದರು. ಬ್ರೆಜಿಲ್ ನಟ್ ಆಗದವರಿಗೆ ಆ ಸೋಯಾ ಕೂಡ ಆಗುವುದಿಲ್ಲವೆಂದು 1996ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು, ಯೋಜನೆ ಅಲ್ಲಿಗೇ ನಿಂತಿತು. ಏಕದಳ ಧಾನ್ಯದ ಪ್ರೋಟೀನ್ ಬೆರೆಸಿದರೆ ಈ ಕೊರತೆ ತುಂಬುತ್ತದೆ. ತಳಿಗಾರ ಹೊರಬೇಕಾದ ಹೊರೆಯಲ್ಲ ಇದು.

ಕೆಲಸದ ಕ್ರಮ

ಮೊದಲ ವರ್ಷ ಸಂಕರಣ. ಬಟಾಣಿಯಲ್ಲಿ ಹೂ ಅರಳುವ ಮೊದಲೇ ಪರಾಗ ಸಿಡಿದಿರುತ್ತದೆ, ಆದ್ದರಿಂದ ದಳಗಳು ಪುಷ್ಪಪಾತ್ರೆಯಿಂದ ಆಗತಾನೇ ಇಣುಕುವ ಹಸಿರು ಮೊಗ್ಗನ್ನೇ ಆರಿಸಿ. ದೋಣಿಯಾಕಾರದ ಒಳದಳವನ್ನು ಸೂಜಿಯಿಂದ ಸೀಳಿ ಹತ್ತು ಪರಾಗಕೋಶಗಳನ್ನೂ ಕಿತ್ತು, ಆಗಷ್ಟೇ ಅರಳಿದ ಗಂಡು ಪೋಷಕ ಹೂವಿನ ಪರಾಗವನ್ನು ಶಲಾಕಾಗ್ರಕ್ಕೆ ಸವರಿ. ಒಂದು ಕೋಶ ಉಳಿದರೂ ಸ್ವಂತ ಪರಾಗದ ಕಾಳು ಕಟ್ಟುತ್ತದೆ. ಎಫ್1 ಗಿಡಗಳನ್ನು ಡಿಎನ್‌ಎ ಗುರುತಿನಿಂದ ಖಚಿತಪಡಿಸಿಕೊಳ್ಳದೆ ಮುಂದೆ ಹೋಗಬೇಡಿ.

ಎಫ್2ರಿಂದ ಎಫ್5ರವರೆಗೆ ಪ್ರತಿ ಗಿಡದಿಂದ ಒಂದೊಂದೇ ಕಾಳು ಮುಂದಕ್ಕೆ ಒಯ್ಯಿರಿ. ದಿನಕ್ಕೆ 22 ಗಂಟೆ ಬೆಳಕು ಕೊಟ್ಟು ಬೆಳೆಸುವ ‘ಸ್ಪೀಡ್ ಬ್ರೀಡಿಂಗ್’ನಲ್ಲಿ ಬಟಾಣಿ, ಕಡಲೆಗಳಲ್ಲಿ ವರ್ಷಕ್ಕೆ ಆರು ಪೀಳಿಗೆಯವರೆಗೂ ಸಾಧ್ಯ ಎಂದು 2018ರಲ್ಲಿ ವರದಿಯಾಗಿದೆ. ಸೋಯಾಕ್ಕೆ ಇದನ್ನು ಹಾಗೆಯೇ ಮಾಡಬೇಡಿ. ಅದು ಹಗಲು ಕಿರಿದಾದರೆ ಹೂ ಬಿಡುವ ಗಿಡ, ಅಷ್ಟು ಉದ್ದದ ಬೆಳಕಿನಲ್ಲಿ ಎಲೆ ಬಿಡುತ್ತಲೇ ಇರುತ್ತದೆ.

ಎಫ್5 ಸಾಲುಗಳಿಂದ 30–50 ಗ್ರಾಂ ಕಾಳು ಸಿಕ್ಕ ಕೂಡಲೇ ಕಿರು ಪರೀಕ್ಷೆ ಶುರುಮಾಡಿ, ಹೊಲದ ಪ್ರಯೋಗ ಮುಗಿಯಲಿ ಎಂದು ಕಾಯಬೇಡಿ. 5 ಗ್ರಾಂ ಹಿಟ್ಟು (ಸೋಯಾ ಆದರೆ ಎಣ್ಣೆ ತೆಗೆದದ್ದು), 50 ಮಿ.ಲೀ. ನೀರು. ಸೋಡಿಯಂ ಹೈಡ್ರಾಕ್ಸೈಡಿನಿಂದ ಪಿಎಚ್ 8.5ಕ್ಕೆ ತಂದು ಒಂದು ಗಂಟೆ ಕಲಕಿ. 4000 ಜಿ (ಗುರುತ್ವದ 4000 ಪಟ್ಟು) ಬಲದಲ್ಲಿ 20 ನಿಮಿಷ ಸೆಂಟ್ರಿಫ್ಯೂಜ್. ಮೇಲಿನ ತಿಳಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ 4.5ಕ್ಕೆ ಇಳಿಸಿ ಮತ್ತೆ ತಿರುಗಿಸಿ. ತಳದ ಗಸಿಯನ್ನು ನೀರಿನಲ್ಲಿ ಕದಡಿ ಪಿಎಚ್ 7ಕ್ಕೆ ತಂದು, ಶೈತ್ಯಶುಷ್ಕಗೊಳಿಸಿ (ಫ್ರೀಜ್ ಡ್ರೈ ಮಾಡಿ) ತೂಗಿ. ಹಿಟ್ಟಿನ ಸಾರಜನಕದಲ್ಲಿ ಎಷ್ಟು ಭಾಗ ಈ ಪುಡಿಗೆ ಬಂತು ಎಂಬುದೇ ಹೊರತೆಗೆಯುವ ಪ್ರಮಾಣ. ಪಿಎಚ್ 8.5 ದಾಟಿ 10, 11ಕ್ಕೆ ಏರಿಸಿದರೆ ಇಳುವರಿ ಚೆನ್ನಾಗಿ ಕಾಣುತ್ತದೆ, ಆದರೆ ಬಣ್ಣ ಕಂದುತ್ತದೆ, ಪ್ರೋಟೀನ್ ಹಾಳಾಗುತ್ತದೆ.

ಪುಡಿಯನ್ನು ಶೇ 8ರಿಂದ 20ರವರೆಗೆ ಎರಡೆರಡು ಪಾಯಿಂಟಿನ ಅಂತರದಲ್ಲಿ ಪರೀಕ್ಷಾನಳಿಕೆಗಳಲ್ಲಿ ಕದಡಿ, 95 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟು ಬೆಳಿಗ್ಗೆ ತಲೆಕೆಳಗು ಮಾಡಿ. ಜಾರದೆ ನಿಂತ ಅತಿ ಕಡಿಮೆ ಸಾಂದ್ರತೆಯನ್ನು ಬರೆದುಕೊಳ್ಳಿ. ಹಾಲಿನ ಗುರಿಯಾದರೆ ಶೇ 3.3ರ ದ್ರಾವಣ ಮಾಡಿ ಪಿಎಚ್ 5, 80 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು, ಒಡೆಯಿತೇ, ತಳದಲ್ಲಿ ಎಷ್ಟು ಕೂತಿತು ನೋಡಿ. ಇಬ್ಬರು–ಮೂವರು ತರಬೇತಿಯಾದವರು ಶೇ 2ರ ದ್ರಾವಣವನ್ನು ಮೂಸಿ, ನಾಲಗೆಗಿಟ್ಟು ಅಂಕ ಕೊಡಲಿ. ಫಾಬಾ, ಲೂಪಿನ್ ಆದರೆ ವಿಷಾಂಶದ ವರದಿ ಕೈಗೆ ಬಂದ ಮೇಲೆಯೇ.

ಇನ್ನೂರು ಸಾಲುಗಳಿಂದ ಇಪ್ಪತ್ತಕ್ಕೆ ಇಳಿದ ಮೇಲೆ ಕನಿಷ್ಠ ಮೂರು ಕಡೆ, ಎರಡು–ಮೂರು ಹಂಗಾಮು ಹೊಲದ ಪ್ರಯೋಗ. ಅಧಿಕೃತ ಪರೀಕ್ಷೆ, ಬೀಜೋತ್ಪಾದನೆ ಸೇರಿ ಒಟ್ಟು 7–8 ವರ್ಷ. ಬೆಳಕಿನ ಕೋಣೆಯಿಲ್ಲದ ಹಳೆ ಕ್ರಮದಲ್ಲಾದರೆ 10–12.

ತಳಿ ಬಿಡುಗಡೆಯಾದ ಮೇಲೂ ದೂರು ನಿಮ್ಮ ಬಳಿಗೇ ಬರುತ್ತದೆ, ಎಷ್ಟೋ ಸಲ ತಪ್ಪು ತಳಿಯದಾಗಿರುವುದಿಲ್ಲ. ಹೆಚ್ಚು ಬಿಸಿಯಲ್ಲಿ ಒಣಗಿಸಿದ ಕಾಳಿನ ಪ್ರೋಟೀನ್ ಕರಗುವುದಿಲ್ಲ, 40 ಡಿಗ್ರಿ ದಾಟದಿರಲಿ. ಸೆಕೆ–ತೇವದ ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಅದೇ ಗತಿ. ಲಿಪಾಕ್ಸಿಜನೇಸ್ ಇಲ್ಲದ ಕಾಳಿಗೆ ಸಾಮಾನ್ಯ ಕಾಳು ಬೆರೆತರಂತೂ, ಕಿಣ್ವ ಖರ್ಚಾಗದೆ ಕೆಲಸ ಮಾಡುತ್ತಲೇ ಇರುವ ವಸ್ತುವಾದ್ದರಿಂದ, ನೂರಕ್ಕೆ ಕೆಲವೇ ಕಾಳು ಸಾಕು, ವಾಸನೆ ವಾಪಸ್ಸು. ಕೊಯ್ಲು ಯಂತ್ರ, ಚೀಲ, ಗೋದಾಮು ಬೇರೆಯಿರಬೇಕೆಂದು ಬೀಜದ ಒಪ್ಪಂದದಲ್ಲೇ ಬರೆಸಿ, ಪ್ರತಿ ಲಾಟಿನಿಂದ ನೂರು ಕಾಳು ತೆಗೆದು ಮೆಥಿಲೀನ್ ಬ್ಲೂ ಪರೀಕ್ಷೆ ಮಾಡಿಸಿದ ಮೇಲೆಯೇ ಕಾರ್ಖಾನೆಯೊಳಗೆ ಬಿಡಲಿ.